ಎಂಜಿನ್ ಬಿಚ್ಚುವ ಮುನ್ನ ಕಿವಿಗೊಡಿ

ನಮ್ಮ ಸೇಡಂ, ಚಿತ್ತಾಪುರ ಕಡೆ ಹಳೆಯ ಬುಲೆಟ್ ಇಟ್ಟುಕೊಂಡವರು ಕಾಯಂ ಕೇಳುವ ಮಾತೊಂದಿದೆ: ‘ಸೌಂಡ್ ಬರ್ಲಾಕತ್ತದ, ಎಂಜಿನ್ ಬಿಚ್ಚಬೇಕು.’ ಬಿಚ್ಚಿದ ಮೇಲೆ ಬೋರ್, ಪಿಸ್ಟನ್, ವಾಲ್ವ್ ಎಲ್ಲವೂ ಹೊಸದು. ಸಾವಿರಾರು ರೂಪಾಯಿ ಬಿಲ್. ತಿಂಗಳಾದರೆ ಅದೇ ‘ಟಕ್ ಟಕ್’ ಮತ್ತೆ ಶುರು. ಬೈಯುವುದಾದರೆ ಗ್ಯಾರೇಜಿನವರನ್ನು ಬೈಯಬಹುದು. ಆದರೆ ಈ ಚಾಳಿಯಲ್ಲಿ ಬಿಇ ಮೆಕ್ಯಾನಿಕಲ್ ಓದುವ ನಮ್ಮ ಪಾಲೂ ಇದೆ. ವಾಲ್ವ್ ಟೈಮಿಂಗ್ ಡಯಾಗ್ರಾಂ ಬರೆದು ಅಂಕ ತೆಗೆಯುವ ನಮ್ಮಲ್ಲಿ ಎಷ್ಟು ಜನ ವಾಲ್ವಿನ ಸದ್ದನ್ನು ಗುರುತಿಸಬಲ್ಲೆವು?

ಹಳೆಯ ಬುಲೆಟ್ ಎಂಜಿನ್ ಇದಕ್ಕೆ ಒಳ್ಳೆಯ ಪಾಠ. 1955ರಿಂದ ಮದ್ರಾಸಿನಲ್ಲಿ ತಯಾರಾದ ಈ ಗಾಡಿಯದು 346 ಸಿಸಿ, 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್. ಕ್ಯಾಮ್ ಕೆಳಗೆ, ವಾಲ್ವ್ ಮೇಲೆ. ನಡುವೆ ಟ್ಯಾಪೆಟ್, ಪುಶ್‌ರಾಡ್, ರಾಕರ್. (ಮೈಸೂರಿನ ಜಾವಾ, ಯೆಜ್ಡಿಗೆ ಈ ತಲೆನೋವಿಲ್ಲ. ಅವು ಟೂ ಸ್ಟ್ರೋಕ್, ವಾಲ್ವೇ ಇಲ್ಲ.) ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಹಾಗಾಗಿ ಟ್ಯಾಪೆಟ್ ಸದ್ದು ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಒಮ್ಮೆ ಬರುತ್ತದೆ, ತೆಳ್ಳಗೆ, ಚುರುಕಾಗಿ. ಎಂಜಿನ್ ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾದರೆ ಪಿಸ್ಟನ್ ಮೇಲೆ ಅನುಮಾನ. ಆಕ್ಸಿಲರೇಟರ್ ಕೊಟ್ಟು ಭಾರ ಬಿದ್ದಾಗ ಕೆಳಗಿನಿಂದ ದಪ್ಪ ‘ದಡ್ ದಡ್’ ಬಂದರೆ ಬಿಗ್ ಎಂಡ್ ಬೇರಿಂಗ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಇಟ್ಟರೆ ಸದ್ದು ಎಲ್ಲಿಯದೆಂದು ಬಹುಮಟ್ಟಿಗೆ ತಿಳಿಯುತ್ತದೆ. ಹಳೆಯ ಉಸ್ತಾದರು ಮಾಡುವುದೂ ಇದನ್ನೇ.

ಟ್ಯಾಪೆಟ್ ಸೆಟ್ ಮಾಡಲು ಎಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿರಬೇಕು. ಬಲಬದಿಯ ಸಣ್ಣ ಮುಚ್ಚಳ ತೆಗೆದು ನೋಡಿದಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಾಡಬಾರದು. ಸದ್ದು ಪೂರ್ತಿ ಹೋಗಲಿ ಎಂದು ಬಿಗಿ ಮಾಡಿಸುವವರಿದ್ದಾರೆ. ಆಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಟ್ಯಾಪೆಟ್ ಬಗ್ಗೆ ನನಗೆ ಹೆಚ್ಚು ಭಯ.

ಇನ್ನೊಂದು ಗೊಂದಲ. 2009ರಲ್ಲಿ ಬಂದ ಕ್ಲಾಸಿಕ್‌ನಲ್ಲಿದ್ದದ್ದು ಹೈಡ್ರಾಲಿಕ್ ಟ್ಯಾಪೆಟ್. ಅದಕ್ಕೆ ಸೆಟ್ಟಿಂಗೇ ಇಲ್ಲ, ಸಂದನ್ನು ಆಯಿಲ್ ಒತ್ತಡವೇ ತುಂಬುತ್ತದೆ. ಅಂಥ ಗಾಡಿಯಲ್ಲಿ ಸದ್ದು ನಿಲ್ಲದಿದ್ದರೆ ಮೊದಲು ಆಯಿಲ್ ನೋಡಬೇಕು. ಅದಕ್ಕೂ ‘ಟ್ಯಾಪೆಟ್ ಸೆಟ್ಟಿಂಗ್’ ಅಂತ ದುಡ್ಡು ತೆಗೆದುಕೊಳ್ಳುವವರಿದ್ದಾರೆ!

ಆಯಿಲ್ ವಿಷಯವೇ ಅರ್ಧ ಕಥೆ. ಹಳೆಯ ಬುಲೆಟ್‌ನಲ್ಲಿ ಪಂಪ್ ಎರಡು: ಒಂದು ಆಯಿಲ್ ಕಳಿಸುತ್ತದೆ, ಇನ್ನೊಂದು ಎಳೆದು ಟ್ಯಾಂಕಿಗೆ ಮರಳಿಸುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಆಯಿಲ್ ಮೆಲ್ಲಗೆ ಸೋರಿ ಕ್ರ್ಯಾಂಕ್ ಇರುವ ಜಾಗಕ್ಕೆ ಇಳಿಯುತ್ತದೆ. ಡಿಪ್‌ಸ್ಟಿಕ್ ಕಡಿಮೆ ತೋರಿಸುತ್ತದೆ. ನಾವು ಮತ್ತಷ್ಟು ಸುರಿಯುತ್ತೇವೆ. ಸ್ಟಾರ್ಟ್ ಮಾಡಿದರೆ ಹೊಗೆ, ಬ್ರೀದರ್ ಪೈಪಿನಿಂದ ಆಯಿಲ್. ‘ರಿಂಗ್ ಹೋಗ್ಯಾವ’ ಎಂಬ ತೀರ್ಪು! ಕೆಲವು ನಿಮಿಷ ಓಡಿಸಿ ಆಮೇಲೆ ಅಳೆದಿದ್ದರೆ ಸಾಕಿತ್ತು. ರಾಕರ್‌ಗೆ ಆಯಿಲ್ ಏರುತ್ತಿದೆಯೇ ಎಂದು ತಿಳಿಯಲು ಎಂಜಿನ್ ಐಡಲ್‌ನಲ್ಲಿರುವಾಗ ಮೇಲಿನ ಸಣ್ಣ ಪೈಪಿನ ಬೋಲ್ಟ್ ತುಸು ಸಡಿಲಿಸಿ ನೋಡಬೇಕು, ಆಯಿಲ್ ಜಿನುಗಬೇಕು. ಜಿನುಗದಿದ್ದರೆ ಪೈಪ್, ಫಿಲ್ಟರ್, ಪಂಪ್ ಈ ಕ್ರಮದಲ್ಲಿ ಹುಡುಕಬೇಕು. ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಲಾರಿಗಳ ದೂಳು ತುಂಬಿದ ನಮ್ಮ ರಸ್ತೆಗಳಲ್ಲಿ ಫಿಲ್ಟರ್ ಬದಲಿಸುವುದನ್ನು ಮುಂದೂಡುವುದು ದುಬಾರಿ ಉಳಿತಾಯ. ಕಲಬುರಗಿಯ ಬಿಸಿಲಿಗೆ 20ಡಬ್ಲ್ಯು-50 ಬಿಟ್ಟು ತೆಳ್ಳನೆಯ ಆಯಿಲ್ ಹಾಕುವುದೂ ಅಷ್ಟೇ.

‘ಎಲೆಕ್ಟ್ರಿಕ್ ಗಾಡಿ ಬರ್ತಿರುವಾಗ ಇದನ್ನೆಲ್ಲ ಕಲಿತು ಏನು ಮಾಡ್ತೀ’ ಎಂದು ಗೆಳೆಯರು ಕೇಳುತ್ತಾರೆ. ಆದಿತ್ಯನಗರ, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳನ್ನು ನೋಡಿ ಎನ್ನುತ್ತೇನೆ. ಹಗಲೂ ರಾತ್ರಿ ತಿರುಗುವ ಕಿಲ್ನ್, ಮಿಲ್, ಫ್ಯಾನುಗಳನ್ನು ಸುಮ್ಮನೆ ಬಿಚ್ಚಿ ನೋಡಲು ಆಗುವುದಿಲ್ಲ, ನಿಲ್ಲಿಸಿದರೆ ಉತ್ಪಾದನೆಯೇ ನಿಲ್ಲುತ್ತದೆ. ಬೇರಿಂಗಿನ ಕಂಪನ ಅಳೆದು, ಗೇರ್‌ಬಾಕ್ಸಿನ ಆಯಿಲ್ ಪರೀಕ್ಷೆಗೆ ಕಳಿಸಿ ಒಳಗೇನಾಗಿದೆ ಎಂದು ಹೊರಗಿನಿಂದಲೇ ಹೇಳುವವರು ಅಲ್ಲಿ ಬೇಕು. ಸ್ಕ್ರೂಡ್ರೈವರ್ ಬದಲು ಸೆನ್ಸರ್ ಇರುತ್ತದೆ, ಯೋಚಿಸುವ ರೀತಿ ಅದೇ. ಇಂಟರ್‌ವ್ಯೂನಲ್ಲಿ ‘ಸದ್ದು ಬಂದರೆ ಮೊದಲು ಏನು ನೋಡ್ತೀರಿ’ ಎಂಬ ಪ್ರಶ್ನೆಗೆ ‘ಬಿಚ್ಚುತ್ತೇನೆ’ ಎಂದವನನ್ನು ಯಾರು ತೆಗೆದುಕೊಳ್ಳುತ್ತಾರೆ?

ನಮ್ಮ ಲ್ಯಾಬ್‌ಗಳಲ್ಲಿ ಎಂಜಿನ್ ಇದೆ, ಆದರೆ ಅರ್ಧ ಕತ್ತರಿಸಿ ಬಣ್ಣ ಬಳಿದು ನಿಲ್ಲಿಸಿದ್ದು. ಓಡುವ ಹಳೆಯ ಎಂಜಿನ್ ಒಂದನ್ನು ತಂದು, ಮೇಷ್ಟ್ರು ಒಂದು ಟ್ಯಾಪೆಟ್ ಸಡಿಲಿಸಿಟ್ಟು, ಮುಂದಿನ ವಾರ ಆಯಿಲ್ ಹೆಚ್ಚು ಸುರಿದಿಟ್ಟು, ‘ಏನಾಗಿದೆ ಹೇಳಿ’ ಎಂದು ಕೇಳಲಿ. ಬಿಚ್ಚುವ ಮೊದಲು ಬರೆದುಕೊಟ್ಟ ಉತ್ತರಕ್ಕೆ ಮಾತ್ರ ಅಂಕ ಕೊಡಲಿ. ಇದಕ್ಕೆ ಬೇಕಾಗುವುದು ಎರಡು ಸ್ಪ್ಯಾನರ್, ಒಂದು ಉದ್ದ ಸ್ಕ್ರೂಡ್ರೈವರ್, ಎರಡು ಮೂರು ಲೀಟರ್ ಆಯಿಲ್.