‘ನಮ್ಮ ಮನೆತನಕ್ಕೆ ವಿದ್ಯೆ ಹತ್ತಂಗಿಲ್ಲ’ ಅನ್ನೋ ಮುಂಚೆ…

ಎಸ್ಸೆಸ್ಸೆಲ್ಸಿ ಪಾಸಾದ ನಮ್ಮ ಕಾಕಾನ ಮಗಳು ಪಿಯುಸಿಗೆ ಸೈನ್ಸ್ ತಗೋತೀನಿ ಅಂದಳು. ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು: ‘ನಮ್ಮ ಮನೆತನದಾಗ ಯಾರಿಗೂ ವಿದ್ಯಾ ತಲಿಗೆ ಹತ್ತಿಲ್ಲ. ಇಕಿ ಓದಿದ್ದರ ಎಲ್ಲಿ ನೆನಪುಳಿತೈತಿ?’ ನಾನು ಬಿಇ ಓದುತ್ತಿದ್ದೇನಲ್ಲ ಎಂದು ನೆನಪಿಸಿದೆ. ‘ನಿಂದು ನಿಮ್ಮವ್ವನ ಕಡೆ ರಕ್ತ’ ಎಂದು ಅದಕ್ಕೂ ಉತ್ತರ ತಯಾರಿತ್ತು.

ಕಾಕಾನ ಮಾತು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಜನರ ನೆನಪಿನ ಶಕ್ತಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ವಂಶವಾಹಿಗಳ ಕಾರಣವಿದೆ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಅಮೆರಿಕದಲ್ಲಿ 22ರಿಂದ 35 ವರ್ಷದ ಸುಮಾರು 1,200 ಜನರ ಮೆದುಳಿನ ಎಂಆರ್‌ಐ ತೆಗೆದರು. ಮೆದುಳಿನ ಭಾಗಗಳು ಒಂದಕ್ಕೊಂದು ಜೋಡಿಕೊಂಡಿರುವ ರೀತಿ ಸಾಮಾನ್ಯ ಅವಳಿಗಳಿಗಿಂತ ತದ್ರೂಪಿ ಅವಳಿಗಳಲ್ಲಿ ಹೆಚ್ಚು ಹೋಲುತ್ತಿತ್ತು. 2003ರಲ್ಲಿ ಬಿಡಿಎನ್‌ಎಫ್ ಎಂಬ ಒಂದೇ ಜೀನ್‌ನ ಸಣ್ಣ ವ್ಯತ್ಯಾಸಕ್ಕೂ ನೆನಪಿಗೂ ನಂಟಿದೆ ಎಂಬ ಸಂಶೋಧನೆ ದೊಡ್ಡ ಸುದ್ದಿಯಾಯಿತು. ಆದರೆ ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ಥರ ಬರಲಿಲ್ಲ. ನೆನಪಿಗೆ ಒಂದು ಜೀನ್ ಎಂಬುದಿಲ್ಲ. ಸಾವಿರಾರು ಇವೆ, ಒಂದೊಂದರ ಪಾಲೂ ಚೂರುಚೂರು.

ಇನ್ನು ಆ ‘ಅರ್ಧ’ದ ಲೆಕ್ಕ. ಅದು ಗುಂಪಿನ ಲೆಕ್ಕ, ನನ್ನ ತಂಗಿಯ ತಲೆಯ ಲೆಕ್ಕವಲ್ಲ. ಇದನ್ನು ಕಬ್ಬು ಬೆಳೆಯುವ ನಮ್ಮ ತಾಲ್ಲೂಕಿನವರಿಗೆ ಹೇಳುವುದು ಸುಲಭ. ಒಂದೇ ಕಬ್ಬು ಕಡಿದು ನೆಟ್ಟ ತುಂಡುಗಳಲ್ಲಿ ವಂಶವಾಹಿ ಒಂದೇ. ಒಂದನ್ನು ನೀರಿರುವ ಎರೆಹೊಲದಲ್ಲಿ, ಇನ್ನೊಂದನ್ನು ನೀರಿಲ್ಲದ ಮಡ್ಡಿಯಲ್ಲಿ ನೆಟ್ಟರೆ ಇಳುವರಿ ಒಂದೇ ಬರುತ್ತದೆಯೇ? ಮಡ್ಡಿಯಲ್ಲಿ ಸೊರಗಿದ್ದಕ್ಕೆ ಯಾವ ರೈತನೂ ಬೀಜವನ್ನು ಬೈಯುವುದಿಲ್ಲ. ಮಕ್ಕಳ ವಿಷಯಕ್ಕೆ ಬಂದರೆ ಮಾತ್ರ ಮೊದಲು ಬೈಯುವುದು ಬೀಜವನ್ನೇ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಸೇರಿ ಮೈಸೂರು ಸಹಿತ ದೇಶದ ಏಳು ಕಡೆ 6ರಿಂದ 23 ವರ್ಷದವರನ್ನು ಅಧ್ಯಯನಕ್ಕೆ ತೆಗೆದುಕೊಂಡವು. ದುಶ್ಚಟ, ನಡತೆಯ ತೊಂದರೆಗಳಿಗೆ ಕಾರಣ ಹುಡುಕುವುದು ಅದರ ಉದ್ದೇಶ. ನನಗೆ ಹಿಡಿಸಿದ್ದೆಂದರೆ, ಅವರು ಡಿಎನ್‌ಎ, ಎಂಆರ್‌ಐ ಅಷ್ಟಕ್ಕೇ ನಿಲ್ಲದೆ ಮನೆಯ ಪರಿಸ್ಥಿತಿಯನ್ನೂ ಕೇಳಿ ಬರೆದುಕೊಂಡರು. ವಿಜ್ಞಾನಿಗಳೇ ಇಷ್ಟು ಹುಷಾರಾಗಿ ಹೆಜ್ಜೆ ಇಡುವಾಗ, ಬೆರಳಚ್ಚು ನೋಡಿ ಮಗುವಿನ ಬುದ್ಧಿ ಹೇಳುತ್ತೇವೆ ಎಂದು ದುಡ್ಡು ಕೀಳುವವರ ಧೈರ್ಯ ಮೆಚ್ಚಬೇಕು!

ಅಷ್ಟಕ್ಕೂ ನಮ್ಮ ಮನೆತನದಲ್ಲಿ ನೆನಪಿನ ಶಕ್ತಿ ಇಲ್ಲವೆಂದು ಯಾರು ಹೇಳಿದರು? ಸಾಲಿ ಮೆಟ್ಟಿಲು ಹತ್ತದ ನಮ್ಮ ಅಜ್ಜ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹೊಲಗಳನ್ನು ಇಂದಿಗೂ ಸಾಲಾಗಿ ಹೇಳುತ್ತಾರೆ. ಯಾರ ಬದುವಿಗೆ ಯಾರ ಬದು, ಬೇವಿನ ಗಿಡ ಎಲ್ಲಿ, ಬಾವಿ ಎಲ್ಲಿ ಎಲ್ಲವನ್ನೂ. ದಿನಾ ತಿರುಗಾಡಿದ ನೆಲ ಅದು, ಮುಳುಗಿದ ಮೇಲೆ ನೂರು ಸಲ ಹೇಳಿದ ಕತೆ. ಹೀಗೆ ಮತ್ತೆ ಮತ್ತೆ ನೆನೆಸಿಕೊಂಡಷ್ಟೂ ನೆನಪು ಗಟ್ಟಿಯಾಗುತ್ತದೆ. ನನ್ನ ತಂಗಿಗೆ ಹಾಗೆ ಓದಿದ್ದನ್ನು ಮೆಲುಕು ಹಾಕಲು ಪುರುಸೊತ್ತೆಲ್ಲಿದೆ? ಬೆಳಗ್ಗೆ ಹಿಂಡುವ ಎಮ್ಮೆ, ಸಂಜೆ ರೊಟ್ಟಿ, ಅದರ ಮೇಲೆ ಉಳಿದರೆ ಪುಸ್ತಕ. ಅದೇ ಮನೆಯ ಹುಡುಗನಾದ ನನಗೆ ಮಾತ್ರ ಪರೀಕ್ಷೆ ಬಂತೆಂದರೆ ಎಲ್ಲ ಕೆಲಸ ಮಾಫಿ.

ಇದನ್ನೆಲ್ಲ ಕಾಕಾನ ಮುಂದೆ ಹೇಳಿದ್ದೇನೆ. ಕಬ್ಬಿನ ಮಾತಿಗೆ ನಕ್ಕರು. ಕಾಲೇಜಿನ ಅರ್ಜಿ ತುಂಬಿ ಇಟ್ಟಿದ್ದೇವೆ, ಸಹಿ ಇನ್ನೂ ಬಿದ್ದಿಲ್ಲ.