ಗಾಲಿಯೂ ಗಂಟೂ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಅವನು ಕೊಂಬಿನ ಬಣ್ಣಕ್ಕೂ ಕೊರಳ ಗೆಜ್ಜೆಗೂ ಮರುಳಾಗುವವನಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತಿಗೆ ಬರುತ್ತಾನೆ. ಇಂತಹ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಸೈಕಲ್ಲಿಗೆ ಗಾಲಿ ಕೊಳ್ಳುವಾಗ ಮಾತ್ರ ಗೆಜ್ಜೆ ನೋಡಿ ಕೊಂಡೆ. ಆ ಅವಿವೇಕದಿಂದ ನಾನು ಕಲಿತದ್ದನ್ನು ಸಹಪಾಠಿ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಭಾನುವಾರ ಬೆಳಗಾಗುವ ಮುನ್ನ ದೇವನಹಳ್ಳಿಯ ಹೆದ್ದಾರಿಯಲ್ಲಿ ನಿಂತರೆ, ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆಗೆ ಸಾಗುವ ಸೈಕಲ್ ಸವಾರರ ಸಾಲು ಕಾಣುತ್ತದೆ. ಬಾಗಿದ ಹಿಡಿ, ತೆಳುವಾದ ಗಾಲಿ; ಇವಕ್ಕೆ ರೋಡ್ ಬೈಕ್ ಎಂದು ಹೆಸರು. ನನ್ನಲ್ಲಿಯೂ ಅಂತಹುದೊಂದು ಹಳೆಯ ಸೈಕಲ್ಲಿದೆ. ಬೆಳಿಗ್ಗೆ ಮನೆಮನೆಗೆ ಪತ್ರಿಕೆ ಹಾಕುವುದು ಅದರಲ್ಲಿ, ಕಾಲೇಜಿಗೆ ಬರುವುದು ಅದರಲ್ಲಿ, ಬಿಡುವಾದ ಭಾನುವಾರ ಬೆಟ್ಟ ಹತ್ತುವುದೂ ಅದರಲ್ಲಿಯೇ. ಆ ಸಾಲಿನಲ್ಲಿ ಪ್ರತಿಸಲವೂ ಹಿಂದೆ ಬೀಳುತ್ತಿದ್ದ ನನಗೆ, ದೋಷವೆಲ್ಲ ಗಾಲಿಯದೇ ಎಂದು ತೋರಿತು. ಎರಡು ವರ್ಷ ಪತ್ರಿಕೆ ಹಾಕಿ ಉಳಿಸಿದ್ದ 14,000 ರೂಪಾಯಿ ಕೊಟ್ಟು, ಒಬ್ಬರು ಬಳಸಿ ಬಿಟ್ಟ ಕಾರ್ಬನ್ ಗಾಲಿಗಳ ಜೊತೆಯೊಂದನ್ನು ತಂದೆ. ಐವತ್ತು ಮಿಲಿಮೀಟರ್ ಆಳದ ಕಪ್ಪು ರಿಮ್ಮು. ಉರುಳಿದರೆ ಗುಂಯ್ ಎನ್ನುವ ನಾದ. ಊರಿನ ಹುಡುಗರು ಸುತ್ತ ಕೂಡಿ ನೋಡಿದರು. ನನಗೆ ಹೆಮ್ಮೆಯಾಯಿತು.

ಆ ಹೆಮ್ಮೆ ಐದು ವಾರ ಬಾಳಿತು. ಒಂದು ದಿನ ತೂಬಗೆರೆಯ ಹತ್ತಿರ ಹಿಂದಿನ ಗಾಲಿಯ ಒಂದು ಕಡ್ಡಿ ಟಣ್ ಎಂದು ಮುರಿಯಿತು. ಗಾಲಿ ಸೊಟ್ಟಗಾಗಿ ಬ್ರೇಕಿಗೆ ಉಜ್ಜಿ ನಿಂತೇಬಿಟ್ಟಿತು. ದೊಡ್ಡಬಳ್ಳಾಪುರದಲ್ಲಿ ನಾನು ಯಾವಾಗಲೂ ಹೋಗುವ ಅಂಗಡಿಯ ಹಿರಿಯರು ಅದನ್ನು ತಿರುಗಿಸಿ ನೋಡಿ, “ಗಾಲಿ ಏನೋ ಚೆನ್ನಾಗೈತೆ ಕಣಪ್ಪ. ಈ ಕಡ್ಡಿ ಎಲ್ಲಿಂದ ತರ್ಲಿ?” ಎಂದರು. ಅದು ತಲೆ ಬಾಗದ ಚಪ್ಪಟೆ ಕಡ್ಡಿ. ನಮ್ಮ ಅಂಗಡಿಗಳಲ್ಲಿ ಸಿಗುವುದು ತಲೆ ಬಾಗಿದ ದುಂಡು ಕಡ್ಡಿ. ನನ್ನ ಹಳೆಯ ಗಾಲಿಗಳನ್ನೋ, ನಾನಾಗಲೇ ಮಾರಿಬಿಟ್ಟಿದ್ದೆ. ಕಡ್ಡಿ ಬರಲು ಹದಿನೆಂಟು ದಿನ ಹಿಡಿಯಿತು. ಅಷ್ಟರಲ್ಲಿ ಪತ್ರಿಕೆಯ ಲೈನು ಬೇರೊಬ್ಬ ಹುಡುಗನ ಪಾಲಾಯಿತು. ಆ ತಿಂಗಳು ನನ್ನ ಪರೀಕ್ಷಾ ಶುಲ್ಕವನ್ನು ಅಮ್ಮ ಮಹಿಳಾ ಸಂಘದಲ್ಲಿ ಸಾಲ ತೆಗೆದು ಕಟ್ಟಿದರು. ಒಂದು ಕಡ್ಡಿಯ ಬೆಲೆ ಎಷ್ಟೆಂಬುದು ನನಗೆ ಅಂದು ತಿಳಿಯಿತು.

ಇಷ್ಟು ಕೊಟ್ಟು ನಾನು ಗಳಿಸಿದ್ದಾದರೂ ಏನು? ಹಳೆಯ ಗಾಲಿಗಳ ತೂಕ ಸುಮಾರು 2,000 ಗ್ರಾಂ, ಹೊಸವುಗಳದು 1,600 ಗ್ರಾಂ. ಉಳಿದದ್ದು 400 ಗ್ರಾಂ. ನಾನು 62 ಕಿಲೋ, ಸೈಕಲ್ಲು 10 ಕಿಲೋ. ಒಟ್ಟು 72 ಕಿಲೋದಲ್ಲಿ 400 ಗ್ರಾಂ ಎಂದರೆ ನೂರಕ್ಕೆ ಸುಮಾರು ಅರ್ಧ ಪಾಲು. 1,478 ಮೀಟರ್ ಎತ್ತರದ ನಂದಿಯನ್ನು ಬುಡದಿಂದ ಹತ್ತಲು ನನಗೆ ನಲವತ್ತು ನಿಮಿಷ ಬೇಕು. ಈ ಲೆಕ್ಕದಂತೆ ನನಗೆ ದೊರೆತ ಲಾಭ ಹದಿಮೂರು ಸೆಕೆಂಡು! ದಾರಿಯಲ್ಲಿ ಒಮ್ಮೆ ನೀರು ಕುಡಿದರೆ ಅದೂ ಹೋಯಿತು. ಗಾಲಿಯ ಒಂದು ಗ್ರಾಂ ಮೈಯ ಎರಡು ಗ್ರಾಂಗೆ ಸಮವೆಂದು ಹೇಳುವವರುಂಟು. ವೇಗವನ್ನು ಏರಿಸುವ ಕ್ಷಣದಲ್ಲಿ, ರಿಮ್ಮಿನ ಅಂಚಿನ ತೂಕದ ಮಟ್ಟಿಗೆ ಆ ಮಾತು ನಿಜ. ಒಂದೇ ಸಮನೆ ಬೆಟ್ಟ ಹತ್ತುವವನಿಗೆ ಗ್ರಾಂ ಎಲ್ಲಿದ್ದರೂ ಗ್ರಾಮೇ.

ಆಳವಾದ ರಿಮ್ಮು ಗಾಳಿಯನ್ನು ಸೀಳುತ್ತದೆ ಎಂಬುದೂ ಸುಳ್ಳಲ್ಲ. ಸಮನೆಲದಲ್ಲಿ ಗಂಟೆಗೆ ಮೂವತ್ತೈದು, ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಪಂದ್ಯಪಟುವಿಗೆ ಅದರಿಂದ ಪ್ರಯೋಜನವಿದೆ. ಅಂತಹವರನ್ನು ನಾನು ಹಳಿಯುವುದಿಲ್ಲ. ಆದರೆ ಏರಿನಲ್ಲಿ ಗಂಟೆಗೆ ಹನ್ನೆರಡು ಕಿಲೋಮೀಟರ್ ಹೋಗುವವನು ಯಾವ ಗಾಳಿಯನ್ನು ಸೀಳಬೇಕು? ಮೇಲಾಗಿ ಅಡ್ಡಗಾಳಿ ಬೀಸಿದರೆ ಅದೇ ಆಳದ ರಿಮ್ಮು ಹಿಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ರಿಮ್ಮನ್ನೇ ಹಿಡಿಯುವ ಬ್ರೇಕಿನಲ್ಲಿ ದೀರ್ಘ ಇಳಿಜಾರು ಇಳಿಯುವಾಗ ಕಾರ್ಬನ್ ವಿಪರೀತ ಕಾಯುವ ಭಯವೂ ಉಂಟು.

ಗಾಲಿಯ ಬಲ ಎಲ್ಲಿದೆ ಎಂಬುದನ್ನು ತಿಳಿಯಲು ಮಗ್ಗದ ಊರಿನವರಾದ ನಾವು ದೂರ ಹೋಗಬೇಕಾಗಿಲ್ಲ. ಹಾಸಿನ ಎಳೆಗಳೆಲ್ಲ ಒಂದೇ ಬಿಗಿಯಲ್ಲಿದ್ದರೆ ಬಟ್ಟೆ ನೆಟ್ಟಗೆ ಬರುತ್ತದೆ. ಒಂದು ಸಡಿಲವಾದರೆ ಅದರ ನೆರೆಯ ಎಳೆಗಳು ಕಷ್ಟಪಡುತ್ತವೆ. ಕಡ್ಡಿಗಳ ಕತೆಯೂ ಅದೇ. 1874ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಹಬ್ಬಿನ ಅಂಚಿನಿಂದ ಓರೆಯಾಗಿ, ಒಂದಕ್ಕೊಂದು ಅಡ್ಡಹಾಯುವಂತೆ ಕಟ್ಟುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ನಮ್ಮ ಹಳೆಯ ಸೈಕಲ್ಲುಗಳಲ್ಲಿ ಇಂದಿಗೂ ಇರುವುದು ಆ ಕ್ರಮವೇ. ಮೂವತ್ತೆರಡು ಕಡ್ಡಿಗಳಲ್ಲಿ ಒಂದು ಮುರಿದರೆ ಉಳಿದ ಮೂವತ್ತೊಂದು ಭಾರವನ್ನು ಹಂಚಿಕೊಂಡು ಸವಾರನನ್ನು ಮನೆ ಮುಟ್ಟಿಸುತ್ತವೆ. ನನ್ನ ಕಾರ್ಬನ್ ಗಾಲಿಯಲ್ಲಿದ್ದುದು ಇಪ್ಪತ್ತನಾಲ್ಕೇ ಕಡ್ಡಿ. ಎಳೆ ಕಡಮೆಯಾದಷ್ಟೂ ಪ್ರತಿ ಎಳೆಯ ಹೊರೆ ಹೆಚ್ಚು.

ಕೊನೆಗೆ ಆ ಜೊತೆಯನ್ನು 9,000ಕ್ಕೆ ಮಾರಿದೆ. ಅದೇ ಹಿರಿಯರು ಅಲ್ಯೂಮಿನಿಯಮ್ ರಿಮ್ಮು ತರಿಸಿ, ಅರವತ್ತನಾಲ್ಕು ಕಡ್ಡಿ ಹೆಣೆದು, ಬೆಂಡು ತೆಗೆದು ಎರಡು ಗಾಲಿ ಕಟ್ಟಿಕೊಟ್ಟರು. ಕೂಲಿಯೂ ಸೇರಿ ಆದ ಖರ್ಚು 7,400 ರೂಪಾಯಿ. ಮುಂದೆ ಬೇರೊಂದು ಲೈನು ಸಿಕ್ಕ ಮೇಲೆ, ಉಳಿದಿದ್ದ ಹಣಕ್ಕೆ ಇನ್ನೊಂದಿಷ್ಟು ಸೇರಿಸಿ 28 ಮಿಲಿಮೀಟರ್ ಅಗಲದ ಒಳ್ಳೆಯ ಟಯರುಗಳನ್ನು ಹಾಕಿಸಿದೆ. ಸೈಕಲ್ಲಿನ ಗುಣ ಬದಲಾದದ್ದು ಅಂದು! 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದದ್ದು ಏಕೆಂಬುದು ಆಗ ಅರ್ಥವಾಯಿತು. ನವಿರಾದ ಟಯರು ನೆಲದ ಉಬ್ಬುತಗ್ಗುಗಳನ್ನು ತಾನು ನುಂಗಿಕೊಂಡು ಸವಾರನ ಶ್ರಮವನ್ನು ಉಳಿಸುತ್ತದೆ. ಒರಟು ಟಯರು ಆ ಶ್ರಮವನ್ನೇ ನುಂಗುತ್ತದೆ.

ಆದುದರಿಂದ ಅಲ್ಪ ಹಣವುಳ್ಳ ಮಿತ್ರರಿಗೆ ನನ್ನ ಅಭಿಪ್ರಾಯವಿಷ್ಟು. ಮೊದಲು ಟಯರು ಬದಲಿಸಿ. ಅನಂತರ ಇರುವ ಗಾಲಿಯ ಬೆಂಡು ತೆಗೆಸಿ, ಹಬ್ಬಿಗೆ ಹೊಸ ಗ್ರೀಸು ಹಾಕಿಸಿ. ಆಗಲೂ ಮನಸ್ಸು ನಿಲ್ಲದಿದ್ದರೆ ಮಾತ್ರ ಹೊಸ ಗಾಲಿ. ಕೊಳ್ಳುವಾಗ ಹಲ್ಲು ನೋಡಿ: ಬ್ರೇಕು ಹಿಡಿಯುವುದು ರಿಮ್ಮನ್ನೋ ಡಿಸ್ಕನ್ನೋ, ಹಿಂದಿನ ಹಬ್ಬಿನ ಅಗಲ ನಿಮ್ಮ ಚೌಕಟ್ಟಿಗೆ ಹೊಂದುವುದೋ (ರಿಮ್ ಬ್ರೇಕಿನವಕ್ಕೆ ಸಾಮಾನ್ಯವಾಗಿ 130 ಮಿಲಿಮೀಟರ್, ಡಿಸ್ಕಿನವಕ್ಕೆ 135 ಅಥವಾ 142), ನಿಮ್ಮ ಹಲ್ಲುಚಕ್ರಗಳ ಗೊಂಚಲು ಅದರ ಮೇಲೆ ಕೂರುವುದೋ, ಎಲ್ಲಕ್ಕಿಂತ ಮಿಗಿಲಾಗಿ, ಕಡ್ಡಿ ಮುರಿದರೆ ನಿಮ್ಮ ಊರಿನಲ್ಲಿ ಅದು ಸಿಗುವುದೋ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಹಿರಿಯರು ನಕ್ಕದ್ದು ನಮ್ಮಂಥವರನ್ನು ನೋಡಿಯೇ ಇರಬೇಕು. ಮಲ್ಲಿಗೆಯ ಆಸೆ ತಪ್ಪೆಂದು ನಾನು ಹೇಳಲಾರೆ; ಬಡವನ ಮಗನಿಗೂ ವೇಗದ ಆಸೆಯಿರಬಾರದೆ? ಆದರೆ ಆ ಆಸೆಯನ್ನು ಪರರ ಕಣ್ಣಿನಿಂದ ಅಳೆದದ್ದು ನನ್ನ ತಪ್ಪು. ಈಗಲೂ ಭಾನುವಾರದ ಸಾಲಿನಲ್ಲಿ ನಾನು ಹಿಂದೆಯೇ ಇದ್ದೇನೆ. ಸೋಮವಾರ ಬೆಳಿಗ್ಗೆ ಐದು ಗಂಟೆಗೆ ಮಾತ್ರ, ಪತ್ರಿಕೆಯ ಕಟ್ಟಿನೊಡನೆ, ನನ್ನ ಗಾಲಿಗಳು ತಪ್ಪದೆ ಉರುಳುತ್ತವೆ.