ಗೋಡೆಯ ಅಂಕಿ, ಮೈಯ ಚಳಿ

ಚಳಿಗಾಲ ಬಂದಿತೆಂದರೆ ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದು ಮಾತು ತಪ್ಪದೆ ಬರುತ್ತದೆ: ‘ಸರ್, ಅವ್ವ ಇಲ್ಲಿಗೆ ಬಂದಾಳ. ಮನಿಯೊಳಗ 70 ಡಿಗ್ರಿ ಇದ್ರೂ ಥಂಡಿ ಥಂಡಿ ಅಂತಾಳ.’ ಫ್ಯಾರನ್‌ಹೀಟಿನ 70 ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 21 ಡಿಗ್ರಿ ಸೆಲ್ಸಿಯಸ್. ಮಾತಿನಲ್ಲಿ ತಾಯಿಯ ಬಗ್ಗೆ ಕನಿಕರವಿದೆ, ಸಂದೇಹವಿಲ್ಲ. ಆದರೆ ಗೋಡೆಯ ಮೇಲಿನ ಥರ್ಮೋಸ್ಟ್ಯಾಟಿನ ಬಗ್ಗೆ ಅದಕ್ಕಿಂತ ಹೆಚ್ಚಿನ ನಂಬಿಕೆಯಿದೆ. ಆ ನಂಬಿಕೆಯನ್ನು ಒಮ್ಮೆ ಪರೀಕ್ಷೆಗೆ ಒಡ್ಡಬೇಕೆಂಬುದು ನನ್ನ ಅಭಿಪ್ರಾಯ.

ಊರಿನ ಬಂಧುಗಳಿಗಾಗಿ ಮೊದಲು ಎರಡು ಮಾತು. ಆ ದೇಶಗಳಲ್ಲಿ ಅನೇಕ ಮನೆಗಳನ್ನು ಬೆಚ್ಚಗಿಡುವ ಯಂತ್ರಕ್ಕೆ ಹೀಟ್ ಪಂಪ್ ಎಂದು ಹೆಸರು. ಹೆಸರು ಹೊಸದು, ತತ್ತ್ವ ಹಳೆಯದು. ನಿಮ್ಮ ಮನೆಯ ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಒಳಗಿನ ಶಾಖವನ್ನೇ ಅದು ಹೊರಗೆ ಚೆಲ್ಲುತ್ತಿರುತ್ತದೆ. ಹೀಟ್ ಪಂಪು ಹೊರಗಿನ ತಣ್ಣನೆಯ ಗಾಳಿಯಲ್ಲಿ ಉಳಿದಿರುವ ಶಾಖವನ್ನು ಸೆಳೆದು ಮನೆಯೊಳಗೆ ತರುತ್ತದೆ. ಶಾಖವನ್ನು ಹುಟ್ಟಿಸದೆ ಸಾಗಿಸುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸಾಮಾನ್ಯವಾಗಿ ಎರಡು ಮೂರು ಯೂನಿಟ್ಟಿನಷ್ಟು ಶಾಖ ದೊರೆಯುತ್ತದೆ. ಕಡುಚಳಿಯಲ್ಲಿ ಅದೊಂದೇ ಸಾಲದಾದಾಗ ಎಷ್ಟೋ ಮನೆಗಳಲ್ಲಿ ವಿದ್ಯುತ್ ಕಾಯಿಲುಗಳು ನೆರವಿಗೆ ಬರುತ್ತವೆ. ಆಗ ಖರ್ಚು ಏರುತ್ತದೆ. ಇವೆಲ್ಲಕ್ಕೂ ಅಪ್ಪಣೆ ಕೊಡುವುದು ಗೋಡೆಯ ಮೇಲಿನ ಥರ್ಮೋಸ್ಟ್ಯಾಟ್. ಅದು ತಪ್ಪು ಓದಿದರೆ ಇಡೀ ಯಂತ್ರವೇ ತಪ್ಪು ನಡೆಯುತ್ತದೆ.

ಈ ಸಾಧನದ ಹುಟ್ಟು ಶಿಕ್ಷಕ ವೃತ್ತಿಯವರಾದ ನಮಗೆ ಹೆಮ್ಮೆಯ ವಿಷಯ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಎಂಬ ಅಧ್ಯಾಪಕರಿದ್ದರು. ಕೋಣೆಯ ಬಿಸಿಯನ್ನು ನೋಡಲು ಶಾಲೆಯ ಆಳು ಪದೇ ಪದೇ ತರಗತಿಗೆ ಬಂದು ಪಾಠಕ್ಕೆ ಅಡ್ಡಿಯಾಗುತ್ತಿದ್ದನು. ಅದಕ್ಕೆ ಪರಿಹಾರವಾಗಿ ಅವರು ರೂಪಿಸಿದ ವಿದ್ಯುತ್ ಸಾಧನಕ್ಕೆ 1883ರಲ್ಲಿ ಪೇಟೆಂಟ್ ದೊರೆಯಿತು. ಕೋಣೆಯಲ್ಲಿ ಕುಳಿತವರ ಹಿತಕ್ಕಾಗಿ ಹುಟ್ಟಿದ ಸಾಧನವಿದು. ಅವರ ಮಾತನ್ನು ಅಲ್ಲಗಳೆಯಲು ಹುಟ್ಟಿದ್ದಲ್ಲ.

ಯಾವ ತಾಪಮಾಪಕವೂ ತಾನಿರುವ ಜಾಗದ ತಾಪವನ್ನಷ್ಟೇ ಹೇಳುತ್ತದೆ. ಹವಾಮಾನ ಇಲಾಖೆಯವರು ತಾಪಮಾಪಕವನ್ನು ಬಿಳಿ ಬಣ್ಣದ, ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಾಗಿಲು ಉತ್ತರಕ್ಕೆ ಬರುವಂತೆ ಇಡುವುದು ಸುಮ್ಮನೆ ಅಲ್ಲ. ಬಿಸಿಲು ನೇರವಾಗಿ ತಾಗಿದರೆ ಅದು ಗಾಳಿಯ ತಾಪವನ್ನು ಬಿಟ್ಟು ತನ್ನ ಮೈಯ ತಾಪವನ್ನೇ ಹೇಳತೊಡಗುತ್ತದೆ. ತರಗತಿಯಲ್ಲಿ ಇದನ್ನು ಹೇಳಿಸಿಕೊಂಡವರೇ ತಮ್ಮ ಮನೆಯ ಥರ್ಮೋಸ್ಟ್ಯಾಟ್ ಎಲ್ಲಿದೆಯೆಂದು ನೋಡುವುದಿಲ್ಲ!

ಉತ್ತರ ಕೆರೋಲಿನಾದಲ್ಲಿರುವ ನನ್ನ ಅಣ್ಣನ ಮಗನ ಮನೆಯಲ್ಲಿ ಒಂದು ಚಳಿಗಾಲ ಕಳೆದಾಗ ಕಂಡದ್ದನ್ನು ಹೇಳುತ್ತೇನೆ. ಅತ್ತಿಗೆಯವರು ರಾತ್ರಿಯಿಡೀ ಕಂಬಳಿ ಹೊದ್ದು ಕೂರುತ್ತಿದ್ದರು. ಗೋಡೆ ಮಾತ್ರ 71 ಎನ್ನುತ್ತಿತ್ತು. ಬಂದ ಮೆಕ್ಯಾನಿಕ್ ಹೊಸ ಥರ್ಮೋಸ್ಟ್ಯಾಟ್ ಹಾಕಿಸಿರೆಂದು ಹೇಳಿಹೋದನು. ಹುಡುಗನಿಗೆ ನಾನು ಹೇಳಿದ್ದು, ‘ತಮ್ಮಾ, ಕೊಳ್ಳುವ ಮೊದಲು ಅಳೆ’ ಎಂದು. ಥರ್ಮೋಸ್ಟ್ಯಾಟಿನ ಕೆಳಗಿನ ಹಲಗೆಯ ಮೇಲೆ ಮೇಜಿನ ದೀಪವೂ ಇಂಟರ್ನೆಟ್ಟಿನ ಪೆಟ್ಟಿಗೆಯೂ ಇದ್ದವು. ಅವೆರಡನ್ನೂ ಸರಿಸಿ ಒಂದು ತಾಸು ಕಾದೆವು. ಅಂಕಿ 68ಕ್ಕೆ ಇಳಿದು ಯಂತ್ರ ತಾನಾಗಿ ಚಾಲೂ ಆಯಿತು. ಅತ್ತಿಗೆಯವರ ಚಳಿ ನಿಜವಾಗಿತ್ತು. ಗೋಡೆಯ ಅಂಕಿ ದೀಪದ್ದಾಗಿತ್ತು.

ಆದುದರಿಂದ ಹೀಗೆ ಮಾಡಿರಿ. ಒಂದು ಬೇರೆ ತಾಪಮಾಪಕ ತನ್ನಿರಿ. ನೀರಿನಲ್ಲಿ ಅದ್ದಬಹುದಾದುದಾದರೆ ಪುಡಿಮಾಡಿದ ಮಂಜುಗಡ್ಡೆ ತುಂಬಿದ ನೀರಿನಲ್ಲಿಟ್ಟು ನೋಡಿ. ಸೊನ್ನೆ ಸೆಲ್ಸಿಯಸ್, ಅಂದರೆ 32 ಫ್ಯಾರನ್‌ಹೀಟ್, ತೋರಿಸಬೇಕು. ಪರೀಕ್ಷಕನನ್ನೂ ಪರೀಕ್ಷಿಸಬೇಕಲ್ಲವೇ? ಅನಂತರ ಒರೆಸಿ ಒಣಗಿಸಿ, ಗೋಡೆಗೆ ತಾಗದಂತೆ ಥರ್ಮೋಸ್ಟ್ಯಾಟಿನ ಪಕ್ಕದಲ್ಲಿ ಕಾಲು ಗಂಟೆ ಇಟ್ಟು ಎರಡೂ ಅಂಕಿಗಳನ್ನು ಬರೆದುಕೊಳ್ಳಿ. ಅಂತರವಿದ್ದರೆ ಬಿಸಿಲು, ದೀಪ, ಟಿ.ವಿ., ಬಿಸಿಗಾಳಿಯ ಕಿಂಡಿ ಹತ್ತಿರವಿವೆಯೇ ನೋಡಿ. ಬಳಿಕ ಮುಚ್ಚಳ ತೆಗೆದು ತಂತಿ ಬರುವ ರಂಧ್ರವನ್ನು ಪರೀಕ್ಷಿಸಿ. ಟೊಳ್ಳು ಗೋಡೆಯೊಳಗಿನ ಗಾಳಿ ಅಲ್ಲಿಂದ ನುಸುಳಿ ಸಾಧನವನ್ನು ಮೋಸಗೊಳಿಸುವುದುಂಟು. ಕರೆಂಟ್ ಬಂದ್ ಮಾಡಿ ಪುಟ್ಟಿಯಿಂದ ಅದನ್ನು ಮುಚ್ಚಬಹುದು. ಧೂಳು ಒರೆಸಿ, ಬ್ಯಾಟರಿ ಬದಲಿಸಿ. ಇಷ್ಟಾದರೂ ಒಂದೇ ಪ್ರಮಾಣದ ಅಂತರ ಉಳಿದರೆ, ಅನೇಕ ಥರ್ಮೋಸ್ಟ್ಯಾಟುಗಳಲ್ಲಿ ಆ ಅಂತರವನ್ನು ಸರಿಪಡಿಸುವ ವ್ಯವಸ್ಥೆ ಇರುತ್ತದೆ. ಹೊಸದನ್ನು ಕೊಳ್ಳುವ ಮಾತು ಕಡೆಯದು.

‘ಇಷ್ಟೆಲ್ಲ ಏಕೆ, ಎರಡು ಡಿಗ್ರಿ ಏರಿಸಿದರಾಯಿತು’ ಎನ್ನುವವರಿದ್ದಾರೆ. ಆ ರಾತ್ರಿಯ ಮಟ್ಟಿಗೆ ಅವಶ್ಯವಾಗಿ ಏರಿಸಿರಿ. ತಾಯಿಯನ್ನು ನಡುಗಿಸಿ ಪ್ರಯೋಗ ಮಾಡಬೇಕಾಗಿಲ್ಲ. ಆದರೆ ಕಾರಣ ಹಾಗೆಯೇ ಉಳಿದರೆ ದೀಪ ಉರಿದಾಗ ಒಂದು ತಪ್ಪು, ಆರಿದಾಗ ಇನ್ನೊಂದು ತಪ್ಪು. ಇಳಿಸಿಟ್ಟ ಅಂಕಿಯನ್ನು ಒಮ್ಮೆಲೇ ಏಳೆಂಟು ಡಿಗ್ರಿ ಮೇಲೇರಿಸಿದರೆ ದುಬಾರಿ ಕಾಯಿಲುಗಳೂ ಉರಿಯಬಹುದು. ಇನ್ನೊಂದು ಮಾತು: ಹೀಟ್ ಪಂಪಿನ ಗಾಳಿ ಕೈಗೆ ಉಗುರುಬೆಚ್ಚಗೆ ಮಾತ್ರ ಇರುತ್ತದೆ. ಅದು ಅದರ ಸ್ವಭಾವವೇ ಹೊರತು ದೋಷವಲ್ಲ.

ಅಂಕಿ ಸರಿಯಿದ್ದೂ ಚಳಿ ಉಳಿಯಬಹುದು. ಥರ್ಮೋಸ್ಟ್ಯಾಟ್ ಇರುವುದು ನಡುಮನೆಯಲ್ಲಿ. ತಾಯಿ ಮಲಗುವುದು ಮೂಲೆಯ ಕೋಣೆಯಲ್ಲಿ, ದೊಡ್ಡ ಗಾಜಿನ ಕಿಟಕಿಯ ಬಳಿ. ಕೋಣೆಯ ಗಾಳಿ ಬೆಚ್ಚಗಿದ್ದರೂ ತಣ್ಣನೆಯ ಗಾಜು ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಡಂಬಳದ ಮೇಲ್ಮುದ್ದೆ ಮನೆಗಳಲ್ಲಿ ಬೆಳೆದ ಜೀವವದು. ಹಗಲಿನ ಬಿಸಿಲನ್ನು ಹೀರಿ ರಾತ್ರಿ ಮೆಲ್ಲನೆ ಬಿಟ್ಟುಕೊಡುವ ದಪ್ಪ ಮಣ್ಣಿನ ಗೋಡೆಗಳು ಅದಕ್ಕೆ ರೂಢಿ. ಮಂಚವನ್ನು ಕಿಟಕಿಯಿಂದ ಸರಿಸಿ, ದಪ್ಪ ಪರದೆ ಇಳಿಬಿಡಿ, ಆ ಕೋಣೆಯಲ್ಲಿಯೇ ಅಳೆಯಿರಿ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆಂದೂ, ವೃದ್ಧರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ವಯಸ್ಸಾದಂತೆ ಚಳಿಯನ್ನು ಅರಿಯುವ ಶಕ್ತಿಯೂ ಕುಂದಬಹುದಾದ್ದರಿಂದ, ಸುಮ್ಮನಿರುವ ಹಿರಿಯರ ಕೋಣೆಯನ್ನೂ ಅಳೆಯಿರಿ.

ಊರಿನವರೂ ಇದನ್ನು ಪರದೇಶದ ಮಾತೆಂದು ಬಿಡಬೇಡಿರಿ. ಈಗ ನಮ್ಮಲ್ಲಿಗೂ ಬಂದಿರುವ ಎ.ಸಿ. ಇದೇ ಯಂತ್ರದ ಒಡಹುಟ್ಟು. ಅದರ ತಾಪ ಅಳೆಯುವ ಅಂಗ ಸಾಮಾನ್ಯವಾಗಿ ಮೇಲಿನ ಪೆಟ್ಟಿಗೆಯೊಳಗಿರುತ್ತದೆ. ಕೂಸು ಮಲಗುವುದು ಕೆಳಗೆ. 24 ಎಂದು ಕಂಡರೂ ಕೂಸಿನ ಕೈಕಾಲು ಮುಟ್ಟಿ ನೋಡಿರಿ.

ಯಂತ್ರವನ್ನು ಅನುಮಾನಿಸುವುದು ವಿಜ್ಞಾನಕ್ಕೆ ವಿರೋಧವಲ್ಲ. ವಿಜ್ಞಾನದ ಮೊದಲ ಪಾಠವೇ ಅದು. ಮನೆಯಲ್ಲಿ ಹಿರಿಯರು ಚಳಿ ಎಂದರೆ ಗೋಡೆಯ ಕಡೆ ಬೆರಳು ತೋರಿಸಬೇಡಿರಿ. ಅವರ ಹಾಸಿಗೆಯ ಬಳಿ ಒಂದು ತಾಪಮಾಪಕವನ್ನಿಟ್ಟು, ಅದು ಏನು ಹೇಳುತ್ತದೆಂಬುದನ್ನು ನನಗೂ ಬರೆದು ತಿಳಿಸಿರಿ.